ಮೇಲಿನ ಕೋಣೆಯ ಫೋನು

"ಮತ್ತೆ ಕಿತ್ತೆಯಲ್ಲೋ ವೈರು! ಹೊಟ್ಟೆಕಿಚ್ಚಿಗೂ ಒಂದು ಮಿತಿ ಬೇಡ್ವೇನೋ?"

ಮೆಟ್ಟಿಲ ಬುಡದಲ್ಲಿ ನಿಂತು ನನ್ನ ಗಂಡ ಮೇಲಕ್ಕೆ ಅರಚಿದರು. ಮೈದುನ ಬನಿಯನ್ನಿನಲ್ಲೇ ಇಳಿದು ಬಂದ.

"ನಾನ್ಯಾವ ವೈರೂ ಮುಟ್ಟಿಲ್ಲ ಅಣ್ಣ. ಮಗಳಿಗೆ ಫೋನ್ ಮಾಡಿದ್ದೆ ಅಷ್ಟೇ."

"ನೀನು ಫೋನ್ ಮಾಡಿದಾಗಲೇ ನನ್ನ ನೆಟ್ ಸಾಯುತ್ತಲ್ಲ, ಹೇಗೆ? ಅರ್ಧ ಆರ್ಡರ್ ಹಾಕಿದ್ದೆ, ಹೋಯ್ತು! ಅದೇನು ಫೋನ್ ಮಾಡ್ತೀಯೋ, ಬರೀ 'ಏನು, ಏನು' ಅಂತ ಬೀದಿಗೆಲ್ಲ ಕೇಳೋ ಹಾಗೆ. ಕಿವುಡ!"

"ಕಿವಿ ಕೆಟ್ಟಿದೆ, ಒಪ್ಕೋತೀನಿ. ಬುದ್ಧಿ ಕೆಟ್ಟಿಲ್ಲ."

"ಅನ್ನ ಹಾಕಿದ ಮನೆಗೆ ಕನ್ನ ಹಾಕೋನು ನೀನು. ಇಷ್ಟ ಇಲ್ದಿದ್ರೆ ಹೋಗು. ಬಾಗಿಲು ತೆಗೆದೇ ಇದೆ."

ಇವರು ಹೊಲಿಗೆ ಯಂತ್ರ ರಿಪೇರಿ ಮಾಡುತ್ತಾರೆ. ಕೆಳಗಿನ ಮುಂದಿನ ಕೋಣೆಯೇ ಅಂಗಡಿ. ಮೈದುನ ಬಸ್ ಡ್ರೈವರ್. ಹೆಂಡತಿ ತೀರಿಕೊಂಡ ಮೇಲೆ ನಮ್ಮ ಮೇಲಿನ ಕೋಣೆಗೆ ಬಂದ. ಮನೆಗೆ ಒಂದೇ ಫೋನ್ ಲೈನು, ಕೆಳಗೊಂದು ಫೋನು, ಮೇಲೊಂದು. ಬಿಡಿಭಾಗ ತರಿಸಲು ಇವರು ಅದೇ ಲೈನಿಗೆ ಇಂಟರ್ನೆಟ್ ಹಾಕಿಸಿದರು. ರಗಳೆ ಶುರುವಾದದ್ದೇ ಆಗ.

ಮೈದುನನ ಕಿವಿಯೂ ಆಗಲೇ ಹೋದದ್ದು. ಎದುರು ನಿಂತು ಮಾತಾಡಿದರೆ ಕೇಳಿಸುತ್ತದೆ, ಫೋನಿನಲ್ಲಿ ಮಾತ್ರ ಹಾವು ಬುಸುಗುಟ್ಟಿದ ಹಾಗೆ ಸದ್ದು. ಎಂಜಿನ್ ಪಕ್ಕ ಕೂತು ಕೂತು ಕಿವಿ ಹೀಗೆ ಸ್ವಲ್ಪ ಸ್ವಲ್ಪವಾಗಿ ಕೈಕೊಡುತ್ತಿದೆ ಎಂದು ತಿಳಿದಿದ್ದ. "ಡಿಪೋದಲ್ಲಿ ಗೊತ್ತಾದ್ರೆ ಸ್ಟೀರಿಂಗ್ ಕಿತ್ಕೋತಾರೆ ಅತ್ತಿಗೆ, ಯಾರಿಗೂ ಹೇಳ್ಬೇಡಿ" ಎಂದು ನನ್ನ ಬಳಿ ಅಂದಿದ್ದ. ಮಗಳು ಬೇಜಾರು ಮಾಡಿಕೊಂಡು ಫೋನ್ ಮಾಡುವುದನ್ನೇ ಕಡಿಮೆ ಮಾಡಿದ್ದಳು.

ಇಬ್ಬರ ಬಾಯಿಗೂ ಬೀಗ ಹಾಕಬೇಕಿತ್ತು. ನನ್ನ ಮೊಬೈಲಿನಿಂದ ಇಂಟರ್ನೆಟ್ ಕಂಪನಿಗೆ ಫೋನ್ ಮಾಡಿ, ಎಲ್ಲರಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದೆ. ಒಬ್ಬ ಹುಡುಗಿ ಮಾತಾಡಿದಳು.

"ಮನೇಲಿರೋ ಫೋನೆಲ್ಲ ಕಿತ್ತು ನೋಡಿ ಅಮ್ಮ. ಮೋಡೆಮ್ ಒಂದೇ ಇರಲಿ."

ಎರಡನ್ನೂ ಕಿತ್ತೆ. ಮೋಡೆಮ್ಮಿನ ಹಸಿರು ದೀಪ ಅಲುಗಾಡದೆ ನಿಂತಿತು. ಕೆಳಗಿನ ಫೋನ್ ಸಿಕ್ಕಿಸಿ ಎತ್ತಿದೆ, ದೀಪಕ್ಕೆ ಏನೂ ಆಗಲಿಲ್ಲ. ಮೇಲಿನದನ್ನು ಸಿಕ್ಕಿಸಿ ಎತ್ತಿದ್ದೇ ತಡ, "ಹೋಯ್ತು! ದೀಪ ಹೋಯ್ತು!" ಎಂದು ಕೆಳಗಿನಿಂದ ಇವರು ಗೆದ್ದವರಂತೆ ಕೂಗಿದರು. "ನಾನು ಹೇಳ್ಲಿಲ್ವಾ?"

"ಆ ಫೋನಿಗೆ ಫಿಲ್ಟರ್ ಇದೆಯಾ ಅಮ್ಮ? ಬೆಂಕಿಪೊಟ್ಟಣದಷ್ಟು ಬಿಳಿ ಡಬ್ಬಿ. ಗೋಡೆಗೂ ಫೋನಿಗೂ ಮಧ್ಯೆ ಇರ್ಬೇಕು."

"ಕೆಳಗಿನದಕ್ಕಿದೆ. ಇದಕ್ಕಿಲ್ಲ."

"ಅದಕ್ಕೇ ಮತ್ತೆ. ಅದಿಲ್ದೆ ಎತ್ತಿದ್ರೆ ನೆಟ್ ಹೋಗುತ್ತೆ, ಫೋನಲ್ಲೂ ಬುಸ್ ಅಂತ ಸದ್ದು ಬರುತ್ತೆ. ಯಾರ ತಪ್ಪೂ ಅಲ್ಲ. ಮೋಡೆಮ್ ಜೊತೆ ಎರಡು ಕೊಟ್ಟಿರ್ತೀವಲ್ಲ?"

ನಾನು ಇಳಿದು ಬಂದು, ಇನ್ನೊಂದು ಫಿಲ್ಟರ್ ಎಲ್ಲಿ ಎಂದು ಇವರನ್ನು ಕೇಳಿದೆ. ಇವರು ಮೇಜಿನ ಡ್ರಾಯರ್ ಎಳೆದು, ಬಾಬಿನ್ನು ಬೆಲ್ಟುಗಳ ಅಡಿಯಿಂದ ಪ್ಲಾಸ್ಟಿಕ್ ಕವರ್ ಕೂಡ ಹರಿಯದ ಡಬ್ಬಿಯೊಂದನ್ನು ತೆಗೆದರು.

"ಇಷ್ಟು ದಿನ ಇಲ್ಲೇ ಇತ್ತಾ?"

"ಅದನ್ನ ಹಾಕಿದ್ರೆ ಮೇಲಕ್ಕೂ ನೆಟ್ ಹೋಗುತ್ತೆ ಅಂದ್ಕೊಂಡೆ ಕಣೇ. ಇವನು ಹಂಚ್ಕೊಂಡ್ರೆ ನನಗೆ ಕಮ್ಮಿ ಆಗಲ್ವಾ ಅಂತ..."

"ಚೆನ್ನಾಗಿದೆ ರೀ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ!"

ಮೈದುನ ಎಲ್ಲವನ್ನೂ ಕೇಳಿಸಿಕೊಂಡು ನಿಂತಿದ್ದ. ಡಬ್ಬಿಯನ್ನು ಒಯ್ದು ಮೇಲೆ ಸಿಕ್ಕಿಸಿದೆ. ಹಿಂದೆಯೇ ಬಂದ ಅವನು ಫೋನ್ ಎತ್ತಿ ಕಿವಿಗಿಟ್ಟುಕೊಂಡ. ಆ ಬುಸುಗುಟ್ಟುವ ಸದ್ದು ಹೋಗಿದೆಯೇ ಎಂದು ಆಲಿಸಿದ. ಆ ಕಿವಿಯಿಂದ ಈ ಕಿವಿಗೆ ಬದಲಿಸಿದ.

"ಅತ್ತಿಗೆ, ನನ್ನ ಕಿವಿ ಚೆನ್ನಾಗೇ ಇದೆ."

ಅವನ ಕಣ್ಣು ತುಂಬಿತ್ತು. ಮಗಳ ನಂಬರ್ ಒತ್ತಿದ.

"ಕೇಳಿಸ್ತಿದೆ ಪುಟ್ಟಿ. ಕೂಗ್ಬೇಡ, ಮೆಲ್ಲಗೆ ಮಾತಾಡು... ಇನ್ಮೇಲೆ ಈ ನಂಬರಿಗೆ ಮಾಡ್ಬೇಡ. ನಾನೇ ಮಾಡ್ತೀನಿ."

ಡ್ಯೂಟಿಗೆ ಒಯ್ಯುವ ಚೀಲಕ್ಕೆ ಬಟ್ಟೆ ತುರುಕತೊಡಗಿದ. ಬೇಡ ಎಂದು ಚೀಲ ಹಿಡಿದೆ. ನನ್ನ ಕೈ ಬಿಡಿಸಿ, "ನಿಮ್ಮ ಮೇಲೆ ಸಿಟ್ಟಿಲ್ಲ" ಎಂದ.

ಕೆಳಗೆ ಇವರು ಯಾರದೋ ಯಂತ್ರ ಬಿಚ್ಚಿಕೊಂಡು ಕೂತಿದ್ದರು. ತಪ್ಪಾಯಿತು ಎನ್ನಲು ಈ ಮನುಷ್ಯನ ನಾಲಿಗೆ ಯಾವತ್ತು ಹೊರಳಿದೆ? "ಏಯ್, ಊಟ ಮಾಡ್ಕೊಂಡು ಹೋಗೋ" ಎಂದರು, ತಲೆ ಎತ್ತದೆ.

"ಕೇಳಿಸ್ತು ಅಣ್ಣ. ನೀನು ಹೇಳಿದ್ದೆಲ್ಲಾ ಕೇಳಿಸ್ತು."

ಚಪ್ಪಲಿ ಮೆಟ್ಟಿಕೊಂಡು ಬೀದಿಗಿಳಿದ. ಇವರು ಸ್ಕ್ರೂಡ್ರೈವರ್ ಹಿಡಿದುಕೊಂಡೇ ಹೊಸ್ತಿಲವರೆಗೆ ಹೋದರು. ಕರೆಯಲಿಲ್ಲ.

ಕತ್ತಲಾಯಿತು. ಬಾಗಿಲು ಹಾಕಲು ಹೋದರೆ, "ಇರ್ಲಿ ಬಿಡೇ" ಎಂದು ಗದರಿದರು. ಮನೆಯೆಲ್ಲ ಸೊಳ್ಳೆ ತುಂಬಿತು. ಮೋಡೆಮ್ಮಿನ ದೀಪ ಒಮ್ಮೆಯೂ ಆರಲಿಲ್ಲ. ಕೊನೆಗೆ ಇವರೇ ಎದ್ದು ಬಾಗಿಲು ಮುಂದೆ ಮಾಡಿದರು, ಚಿಲಕ ಹಾಕಲಿಲ್ಲ.

ಮೈದುನ ಆಮೇಲೆ ಈ ಮನೆಗೆ ಬರಲೇ ಇಲ್ಲ.