ಟೇಪಿನ ಮೇಲೆ ಕಾಲಿಟ್ಟವಳು

ಹುಲಿಗೆಮ್ಮ ಹೊಸಬರ ಮುಖ ನೋಡುವ ಮೊದಲು ಕೈ ನೋಡುತ್ತಿದ್ದಳು. ಕೈಯಲ್ಲಿ ಕಾಗದವಿದೆಯೇ, ಕ್ಯಾಮೆರಾ ಇದೆಯೇ, ಅಳತೆಯ ಟೇಪು ಇದೆಯೇ ಎಂಬುದು ಖಚಿತವಾದ ಮೇಲಷ್ಟೇ ಆಕೆಯ ದೃಷ್ಟಿ ನಿಧಾನವಾಗಿ ಮೇಲೇರಿ ಎದುರಿನವರ ಕಣ್ಣುಗಳಲ್ಲಿ ನೆಲೆಯೂರುತ್ತಿತ್ತು. ಒಮ್ಮೆ ನೆಲೆಯೂರಿದರೆ ಸುಲಭವಾಗಿ ಕದಲುತ್ತಿರಲಿಲ್ಲ. ಸೀರೆಯ ಮೇಲೆ ಗಂಡನ ಹಳೆಯ ಖಾಕಿ ಅಂಗಿ, ಸಿಮೆಂಟು ಹೊತ್ತು ಒಂದು ಬದಿಗೆ ವಾಲಿದ ನಡಿಗೆ, ಪ್ರತಿ ಮಾತಿಗೂ ಮುನ್ನ ಒಂದು ದೀರ್ಘವಾದ ‘ಹೂಂ’. ಆ ಹೂಂಕಾರದಲ್ಲಿ ಸಮ್ಮತಿಯ ಲವಲೇಶವೂ ಇರುತ್ತಿರಲಿಲ್ಲ.

ಗೋವಾದಲ್ಲಿ, ಫಾತೋರ್ಡಾದ ಅಂಚಿನಲ್ಲಿದ್ದ ನಮ್ಮ ಕಡೆಯ ಕೂಲಿಕಾರರ ವಸತಿಗೆ ನಾನು ಹೋದದ್ದು ೨೦೦೭ರ ಬೇಸಿಗೆಯಲ್ಲಿ, ದುಭಾಷಿಯಾಗಿ. ಮಡಗಾಂವಿನ ವಾಸ್ತುಶಿಲ್ಪಿಗಳ ಸಂಸ್ಥೆಯೊಂದು ಅಲ್ಲಿನ ಹೆಂಗಸರಿಗೆ ಸ್ನಾನದ ಮನೆ ಕಟ್ಟಿಕೊಡಲು ಮುಂದಾಗಿತ್ತು. ಅದರ ತರುಣ ವಾಸ್ತುಶಿಲ್ಪಿ ಸಾವಿಯೊಗೆ ಕನ್ನಡ ಬಾರದು; ಕನ್ನಡ ಶಾಲೆಯ ಮಾಸ್ತರನೆಂದು ನನ್ನನ್ನು ಕರೆದೊಯ್ದಿದ್ದ. ಮೋರಿಯ ಪಕ್ಕದ ಕಲ್ಲುಗಳ ಮೇಲೆ, ಹಳೆಯ ಸೀರೆ ಮರೆಕಟ್ಟಿ, ನಸುಕಿನಲ್ಲೇ ಮಿಂದು ಮುಗಿಸುತ್ತಿದ್ದ ಹೆಂಗಸರಿಗೆ ಇದು ಹಿತವಾದ ಸುದ್ದಿಯಾಗಬೇಕಿತ್ತು. ಆದರೆ ಸಾವಿಯೊ ಟೇಪು ಬಿಚ್ಚಿದ್ದೇ ತಡ, ಹುಲಿಗೆಮ್ಮ ಅದರ ತುದಿಯ ಮೇಲೆ ಕಾಲಿಟ್ಟು ನಿಂತಳು.

“ಮಾಸ್ತರ, ನೀವು ಯಾರ ಕಡೇವ್ರು?”

“ಯಾರ ಕಡೇನೂ ಅಲ್ಲ ಯವ್ವಾ. ಮಾತು ತಿಳಿಸಾಕ ಬಂದೇನಿ.”

“ಹೂಂ. ಹಿಂದ ನಾವು ಬಂದರದ ಕಡೆ ಇದ್ದಾಗ ಹಿಂಗ ನಕ್ಕೋತ ಅಳದು ಹೋಗಿದ್ರು. ಆಮ್ಯಾಲ ಜೆಸಿಬಿ ಬಂತು. ಪುಕ್ಕಟೆ ಕಟ್ಟಿಕೊಡಾವ್ರಿಗೆ ನಮ್ಮಿಂದ ಏನು ಬೇಕಾಗೇತಿ? ಅದನ್ನ ಕೇಳ್ರಿ.”

ಕೇಳಿದೆ. ಏನೂ ಬೇಡವೆಂದ ಸಾವಿಯೊ. ಆ ಉತ್ತರವೇ ಎಲ್ಲವನ್ನೂ ಕೆಡಿಸಿತು. ಏನೂ ಬೇಡವೆನ್ನುವ ಮನುಷ್ಯನನ್ನು ಆಕೆ ಬದುಕಿನಲ್ಲಿ ಕಂಡಿರಲಿಲ್ಲ. ವಸತಿಯೆಲ್ಲ ಆಕೆಯ ಮಾತಿನ ಹಿಂದೆ ನಿಂತಿತು. ಸಾವಿಯೊ ಟೇಪು ಸುತ್ತಿಕೊಂಡು ಹೊರಟ. ಅವನ ಕಚೇರಿಯ ಗೋಡೆಯ ಮೇಲೆ ನಾನು ಕಂಡಿದ್ದ ಬಹುಮಹಡಿ ಕಟ್ಟಡಗಳ ಚಿತ್ರಗಳಲ್ಲಿ ಒಂದು ಇದೇ ನೆಲದಲ್ಲಿ ಏಳಲಿರುವುದಿರಬಹುದೇ ಎಂಬ ಶಂಕೆ ದಾರಿಯುದ್ದಕ್ಕೂ ನನ್ನನ್ನೂ ಕಾಡಿತು.

ಮಳೆಗಾಲದಲ್ಲಿ ಹುಲಿಗೆಮ್ಮನ ನೆರೆಯವಳಾದ ಅಖ್ತರಬಾನುವಿನ ತುಂಬು ಗರ್ಭಿಣಿ ಸೊಸೆ ಸ್ನಾನಕ್ಕೆ ಹೋದವಳು ಪಾಚಿಗಟ್ಟಿದ ಆ ಕಲ್ಲುಗಳ ಮೇಲೆ ಜಾರಿ ಬಿದ್ದಳು. ಕೂಸು ಉಳಿಯಲಿಲ್ಲ.

ಕೆಲ ದಿನಗಳ ಮೇಲೆ ಹುಲಿಗೆಮ್ಮ ನಮ್ಮ ಶಾಲೆಯ ಗೇಟಿನ ಬಳಿ ನಿಂತಿದ್ದಳು. “ಅಖ್ತರಬಾನು ನನಗ ಒಂದು ಮಾತೂ ಅನ್ನಲಿಲ್ರಿ. ಬೈದಿದ್ರ ಚಲೋ ಇತ್ತು,” ಎಂದಳು. “ಆ ಸಾಹೇಬರ ಆಫೀಸಿಗೆ ಕರಕೊಂಡು ನಡೀರಿ.”

ಸಾವಿಯೊ ಕೊಟ್ಟ ಕುರ್ಚಿಯಲ್ಲಿ ಆಕೆ ಕೂರಲಿಲ್ಲ. ನಡೆದದ್ದನ್ನು ಹೇಳಿ, “ನಿಮ್ಮ ಮ್ಯಾಲ ನನಗ ಇನ್ನೂ ನಂಬಿಕಿ ಬಂದಿಲ್ರಿ. ಆದ್ರೂ ಬರ್ರಿ. ಆದ್ರ ನಿಮಗೇನು ಬೇಕು, ಅದನ್ನ ಮೊದಲ ಹೇಳ್ರಿ,” ಎಂದಳು. ಸಾವಿಯೊ ತಾನೂ ಕುರ್ಚಿಯಿಂದೆದ್ದು ನಿಂತು, ಇಂಥ ಕೆಲಸದಿಂದ ತಮ್ಮ ಸಂಸ್ಥೆಗೆ ಹೆಸರು ಬರುತ್ತದೆ, ಹೆಸರಿನಿಂದ ದೊಡ್ಡ ಕೆಲಸಗಳು ಸಿಗುತ್ತವೆ, ಬೇಕಾದದ್ದು ಅಷ್ಟೇ ಎಂದ. ನಾನು ಕನ್ನಡಿಸಿದೆ.

“ಹೂಂ. ಇದು ಖರೇ ಮಾತು,” ಎಂದಳು.

ದೀಪಾವಳಿಯ ಹೊತ್ತಿಗೆ ಕೆಂಪುಕಲ್ಲಿನ ಗೋಡೆಗಳು ಎದ್ದವು. ಹುಲಿಗೆಮ್ಮ ಕೂಲಿಗೆ ಹೋಗುವ ಮುನ್ನ ಪ್ರತಿ ಬೆಳಿಗ್ಗೆ ಬಂದು ಅವುಗಳನ್ನು ಸುತ್ತುಹಾಕಿ ಹೋಗುತ್ತಿದ್ದಳು. ಉದ್ಘಾಟನೆಯ ದಿನ ಸಂಸ್ಥೆಯವರು ಕ್ಯಾಮೆರಾ ತಂದಾಗ ಬಾಗಿಲಿಗೆ ಅಡ್ಡ ನಿಂತು, “ಒಂದು ಮಳಿಗಾಲ ನಿಂದರ್ಲಿ, ಆಮ್ಯಾಲ ಫೋಟೊ ಹೊಡೀರಿ,” ಎಂದಳು. ಅವರು ಕಾದರು. ಮರುವರ್ಷ ಮಳೆ ಕಳೆದ ಮೇಲೆ ತೆಗೆದ ಆ ಚಿತ್ರದಲ್ಲಿ ಅಖ್ತರಬಾನುವಿನ ಸೊಸೆ ಇದ್ದಾಳೆ, ಕರೆದರೂ ಬಂದು ನಿಲ್ಲದ ಹುಲಿಗೆಮ್ಮ ಇಲ್ಲ.

ನಂಬಿ ನೆಲೆ ಕಳೆದುಕೊಂಡವರ ಅನುಮಾನವನ್ನು ಉಪಕಾರ ಮಾಡಹೊರಟವರು ಕೃತಘ್ನತೆಯೆಂದು ಕರೆಯುತ್ತಾರೆ. ಹಾಗೆ ನೆಲೆ ಕಳೆದುಕೊಂಡವರು ಬಂದ ಒಳಿತನ್ನೂ ಬಾಗಿಲಲ್ಲೇ ನಿಲ್ಲಿಸಿ ವಿಚಾರಿಸುತ್ತಾರೆ. ಆ ವಿಚಾರಣೆಯ ದಂಡವನ್ನು ಕೆಲವೊಮ್ಮೆ ಪಕ್ಕದ ಮನೆಯವರು ತೆರಬೇಕಾಗುತ್ತದೆ. ಅದು ವಿಚಾರಿಸುವವರಿಗೂ ಚೆನ್ನಾಗಿ ಗೊತ್ತು. ಗೊತ್ತಿದ್ದೂ, ಎದೆಯಲ್ಲಿ ಆ ಭಾರವನ್ನಿಟ್ಟುಕೊಂಡೇ, ಮರುದಿನ ಮತ್ತೆ ಬಾಗಿಲಲ್ಲಿ ಬಂದು ನಿಲ್ಲುತ್ತಾರೆ.