ಕಾವಲಿನ ಗದ್ದುಗೆ

"ಇನ್ನೊಂಚೂರು ಈ ಕಡಿ ಸರಿಸ್ರಿ, ಟ್ರಸ್ಟಿನ ಬ್ಯಾನರ್ ಕಾಣವಲ್ತು," ಎಂದ ಕೊಟ್ರಸ್ವಾಮಿ, ಮೊಬೈಲ್ ಎತ್ತಿ ಹಿಡಿದು.

ಗೋಡೆಗೆ ಒರಗಿಸಿ ಕೂರಿಸಿದ್ದ ಕರಿಸಿದ್ದಪ್ಪನ ಹೆಣದ ತಲೆ ವಾಲಿತು. ಮಗಳು ಸುಕನ್ಯಾ ಗದ್ದಕ್ಕೆ ಕೈಯೊಡ್ಡಿ ಹಿಡಿದಳು. ವಿಭೂತಿ ಹಚ್ಚುತ್ತಿದ್ದ ಸೋದರತ್ತೆ ಹಂಪಕ್ಕ ಕೈ ನಿಲ್ಲಿಸಿದಳು.

"ಇದೇನು ಮದುವಿ ಫೋಟೋ ಏನ್ರಿ ಸ್ವಾಮಿ?"

ಕೊಟ್ರಸ್ವಾಮಿ ಟ್ರಸ್ಟಿನ ಕಾರ್ಯದರ್ಶಿ. ಊರವರು ಕಾವಲು ಎನ್ನುವ, ಕೋಗಳಿ ಕಡೆಯ ಹುಲ್ಲುಗಾವಲನ್ನು ಕಲ್ಲಿನ ಕ್ವಾರಿಯಿಂದ ಉಳಿಸಲು ಕಟ್ಟಿದ ಟ್ರಸ್ಟ್ ಅದು. ಇಷ್ಟು ವರ್ಷ ಅದಕ್ಕೆ ದೇಣಿಗೆ ತಂದವನು ಕರಿಸಿದ್ದಪ್ಪ. ಅವನು ಹಾಸಿಗೆ ಹಿಡಿದ ಮೇಲೆ ಆ ಕೆಲಸಕ್ಕೆ ಅರ್ಜಿ ಕರೆದಿದ್ದರು, ಸುಕನ್ಯಾಳೂ ಹಾಕಿದ್ದಳು.

ಕೊಟ್ರಸ್ವಾಮಿ ಅವಳನ್ನು ಬಾಗಿಲ ಬಳಿ ಕರೆದ.

"ನೋಡವ್ವ, ಹೊಸಪೇಟಿಯಿಂದ ದಾನಿಗಳು ಹೊಂಟಾರ. ನಿಮ್ಮಪ್ಪನ್ನ ಕಾವಲಿನಾಗ ಮಣ್ಣು ಮಾಡೋಣ. ಸಮಾಧಿ ಗದ್ದಿಗಿ ಆದ್ರ ಜನ ಬರ್ತಾರ, ಕೊಡ್ತಾರ. ನೀ ಹೂಂ ಅಂದ್ರ ಕೆಲಸ ನಿಂದ."

"ಅಲ್ಲಿ ಗುಂಡಿ ತೋಡಬೇಕಲ್ರಿ?"

"ಆಗ್ಲೇ ತೋಡಿಸೀನಿ. ಜೆಸಿಬಿಗೆ ಎಷ್ಟೊತ್ತು?"

ಗುಟ್ಕಾದ ವಾಸನೆ ಮುಖಕ್ಕೆ ಬಡಿಯಿತು. ಸುಕನ್ಯಾ ಮುಖ ಆಚೆ ತಿರುಗಿಸಿದಳು. ಹೂಂ ಎಂಬುದು ತನ್ನ ನಾಲಿಗೆಯ ತುದಿಗೂ ಬಂದಿತ್ತು. ಅದಕ್ಕೆ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

*

ಕರಿಸಿದ್ದಪ್ಪ ರಸೀದಿ ಹಿಡಿದು ಯಾರ ಅಂಗಡಿ ಮೆಟ್ಟಿಲನ್ನೂ ಹತ್ತಿದವನಲ್ಲ. ಹಗರಿಬೊಮ್ಮನಹಳ್ಳಿಯ ಸಾವುಕಾರರನ್ನು ಕಾವಲಿಗೇ ಕರೆತಂದು, ಹುಲ್ಲಿನ ನಡುವೆ ಕೂರಿಸಿ, ರೊಟ್ಟಿಬುತ್ತಿ ಬಿಚ್ಚುತ್ತಿದ್ದ. ಒಮ್ಮೆ ಒಬ್ಬ ಸಾವುಕಾರ ಬಿಸಿಲು ತಾಳದೆ ಪೆಂಡಾಲು ಹಾಕಿಸಲು ಗೂಟ ತರಿಸಿದ.

"ಬ್ಯಾಡ್ರಿ ಸಾವ್ಕಾರ್ರ. ನಾವೇ ಗೂಟ ಹೊಡದ ಮ್ಯಾಲೆ ಕ್ವಾರಿಯವ್ರಿಗೆ ಯಾವ ಬಾಯಿಲೆ ಬ್ಯಾಡ ಅನ್ಲಿ?"

ಸಾವುಕಾರ ಗೊಣಗುತ್ತ, ತಲೆಗೆ ಟವೆಲ್ ಹಾಕಿಕೊಂಡೇ ಉಂಡಿದ್ದ. ಹೋಗುವಾಗ ಕೊಟ್ಟೂ ಹೋಗಿದ್ದ.

*

"ರುದ್ರಭೂಮಿ ಐತ್ರಿ," ಎಂದಳು ಸುಕನ್ಯಾ. "ಅವ್ವನ ಪಕ್ಕ ಇಡ್ತೀವಿ."

"ಕೆಲಸಕ್ಕ ಬ್ಯಾರೇದವ್ರು ಅದಾರವ್ವ."

"ಇರ್ಲಿ ಬಿಡ್ರಿ."

ಅವ್ವನ ಪಕ್ಕದಲ್ಲೇ ಮಣ್ಣು ಮಾಡಿದರು. ಮಂದಿ ಮನೆಯತ್ತ ತಿರುಗಿದಾಗ ಸುಕನ್ಯಾ, ಹಂಪಕ್ಕ ಕಾವಲಿನ ದಾರಿ ಹಿಡಿದರು. ಆ ಗುಂಡಿ ಮುಚ್ಚಿಸಬೇಕಿತ್ತು.

ಗುಂಡಿ ಆಗಲೇ ಮುಚ್ಚಿತ್ತು. ಮಣ್ಣಿನ ದಿಬ್ಬದ ಮೇಲೆ ಸೇವಂತಿಗೆ ಹಾರ, ಊದಿನಕಡ್ಡಿ, ಕರಿಸಿದ್ದಪ್ಪನ ಫೋಟೋ. ಸುತ್ತ ದಾನಿಗಳು ಕಣ್ಣು ಮುಚ್ಚಿ ಕೈಮುಗಿದು ನಿಂತಿದ್ದರು. ಕೊಟ್ರಸ್ವಾಮಿ ಮೊಬೈಲಿನ ಮುಂದೆ ಕಣ್ಣೊರೆಸಿಕೊಳ್ಳುತ್ತಿದ್ದ.

"ಒಳಗ ಯಾರನ್ನ ಇಟ್ಟಾರವ್ವ ಇವ್ರು?" ಎಂದಳು ಹಂಪಕ್ಕ.

ಸುಕನ್ಯಾ ಮುಂದೆ ನಡೆದಳು. ರೇಷ್ಮೆ ಸೀರೆಯ ಹೆಂಗಸೊಬ್ಬರು ಅವಳ ರಟ್ಟೆ ಹಿಡಿದು ತಡೆದರು.

"ಚಪ್ಪಲಿ ಬಿಟ್ಟು ಬಾರಮ್ಮ," ಎಂದರು ಮೆಲ್ಲಗೆ. "ಇಲ್ಲಿ ಹಿರಿಯರು ಮಲಗಿದಾರೆ."