ಅಳಿಸುವ ಮುನ್ನ ಬರೆದ ಸಾಲು

ರೂಟರ್ ಇಟ್ಟಿದ್ದ ಕಪಾಟಿನ ಗಾಜಿನ ಬಾಗಿಲಿಗೆ ಒಂದು ಚೀಟಿ ಅಂಟಿಸಿತ್ತು. ಕೆಂಪು ಶಾಯಿಯ ದಪ್ಪ ಅಕ್ಷರ: ‘ನನ್ನನ್ನು ಕೇಳದೆ ಯಾರೂ ಮುಟ್ಟಕೂಡದು.’ ಕೆಳಗೆ ಪದ್ಮರಾಜಯ್ಯನವರ ಸಹಿ. ಆ ಸಹಿ ನೆನಪಾದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ.

ಅದೊಂದು ಆಸ್ಪತ್ರೆ. ಪದ್ಮರಾಜಯ್ಯ ಕಂಪ್ಯೂಟರ್ ವಿಭಾಗದ ಮುಖ್ಯಸ್ಥರು, ನಾನು ಅವರ ಕೈಕೆಳಗೆ ಇನ್ನೂ ಖಾಯಂ ಆಗದ ನೌಕರ. ಒಂದು ವಿಭಾಗದ ಸಂದೇಶವನ್ನು ಇನ್ನೊಂದಕ್ಕೆ ದಾಟಿಸುವ ರೂಟರಿನೊಳಗೆ ಒಂದು ಪಟ್ಟಿ ಇರುತ್ತದೆ, ಯಾವ ವಿಳಾಸ ಯಾವ ಸಂಖ್ಯೆಯ ಯಂತ್ರದ್ದು ಎಂದು. ಅದರ ಪಾಡಿಗೆ ಬಿಟ್ಟರೆ ರೂಟರ್ ತಾನೇ ಕೇಳಿ ತಿಳಿದುಕೊಳ್ಳುತ್ತದೆ. ಸ್ವಲ್ಪ ಹೊತ್ತಿಗೆ ಹಳೆಯದನ್ನು ಮರೆತು ಮತ್ತೆ ಕೇಳುತ್ತದೆ. ಈ ಮರೆವು ಪದ್ಮರಾಜಯ್ಯನವರಿಗೆ ಸೇರುತ್ತಿರಲಿಲ್ಲ. ಮುಖ್ಯವಾದ ಯಂತ್ರಗಳ ಸಾಲುಗಳನ್ನೆಲ್ಲ ಕೈಯಾರೆ ಬರೆದು, ತಾನಾಗಿ ಅಳಿಯದಂತೆ ಕೂರಿಸಿದ್ದರು. ಜೊತೆಗೊಂದು ಕಟ್ಟುನಿಟ್ಟು: ಯಾವ ಸಾಲನ್ನು ಅಳಿಸುವ ಮುನ್ನವೂ ಅದನ್ನು ದಾಖಲೆ ಪುಸ್ತಕಕ್ಕೆ ಇಳಿಸಿ, ಗಂಟೆ ನಮೂದಿಸಿ, ಅವರ ಸಹಿ ಹಾಕಿಸಬೇಕು.

ಒಂದು ದಿನ ಬೆಳಿಗ್ಗೆ ರಕ್ತನಿಧಿಯ ಕಂಪ್ಯೂಟರ್ ಕೆಟ್ಟಿತು. ಪದ್ಮರಾಜಯ್ಯನವರೇ ಹೋಗಿ, ಹೊಸದಕ್ಕೆ ಅದೇ ವಿಳಾಸ ಕೊಟ್ಟು ಕೂರಿಸಿ ಬಂದರು. ಹಳೆಯದು ಗುಜರಿ ಕೋಣೆ ಸೇರಿತು. ಮಧ್ಯಾಹ್ನ ಹೆರಿಗೆ ವಾರ್ಡಿನಿಂದ ರಕ್ತ ಬೇಕೆಂದು ಮೂರು ಬಾರಿ ಬೇಡಿಕೆ ಹೋಯಿತು. ರಕ್ತನಿಧಿಯಲ್ಲಿ ಕೂತಿದ್ದ ದಾಕ್ಷಾಯಿಣಿಯಮ್ಮನ ಪರದೆಯ ಮೇಲೆ ಒಂದೂ ಮೂಡಲಿಲ್ಲ. ರೂಟರಿನ ಹಂಗಿಲ್ಲದ ಕೋಣೆಯ ಪ್ರಿಂಟರ್ ಓಡುತ್ತಿತ್ತು, ಆಕೆಗೆ ಅನುಮಾನ ಬರಲು ಕಾರಣವೇ ಇರಲಿಲ್ಲ. ಎರಡು ಗಂಟೆ ಕಾದು ನರ್ಸ್ ಓಡಿ ಬಂದಾಗಲೇ ಗೊತ್ತಾದದ್ದು. ಬಾಣಂತಿ ಹೇಗೋ ಉಳಿದಳು. ಇಪ್ಪತ್ತೆರಡು ವರ್ಷ ದುಡಿದ ದಾಕ್ಷಾಯಿಣಿಯಮ್ಮನನ್ನು ಸಂಜೆಯೇ ಅಮಾನತು ಮಾಡಿದರು. ಕಾರಣ, ಕೆಲಸದ ವೇಳೆಯಲ್ಲಿ ನಿದ್ದೆ.

ನಾನು ಪಟ್ಟಿ ತೆಗೆದು ನೋಡಿದೆ. ರಕ್ತನಿಧಿಯ ಸಾಲಿನಲ್ಲಿ ಇನ್ನೂ ಹಳೆಯ ಯಂತ್ರದ ಸಂಖ್ಯೆಯೇ ಇತ್ತು. ಬೇಡಿಕೆಗಳೆಲ್ಲ ಗುಜರಿ ಕೋಣೆಯಲ್ಲಿ ಬಿದ್ದಿದ್ದ ಡಬ್ಬದ ಹೆಸರಿಗೆ ಹೋಗಿದ್ದವು.

“ಸಾರ್, ದಾಕ್ಷಾಯಿಣಿಯಮ್ಮಂದು ತಪ್ಪಿಲ್ಲ. ಈ ಸಾಲು ನೋಡಿ.”

ನೋಡಿದರು. ಮುಖ ಒಂದಿಷ್ಟೂ ಕದಲಲಿಲ್ಲ. “ಅಳಿಸಿಬಿಡು,” ಎಂದರು.

“ವಿಚಾರಣೆಗೆ ಬೇಕಾಗುತ್ತೆ ಸಾರ್.”

“ನಿನ್ನನ್ನ ಖಾಯಂ ಮಾಡೋ ಫೈಲು ನನ್ನ ಮೇಜಿನ ಮೇಲೇ ಇದೆ. ಅಳಿಸು ಅಂದ್ರೆ ಅಳಿಸು.”

ಅಳಿಸಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ರೂಟರ್ ಹೊಸ ಯಂತ್ರವನ್ನು ತಿಳಿದುಕೊಂಡಿತು. ಆದರೆ ಅದಕ್ಕೂ ಮೊದಲು, ರೂಢಿಯಂತೆ ಹಳೆಯ ಸಾಲನ್ನು, ಸಂಜೆಯ ಗಂಟೆ ಸಮೇತ, ಪುಸ್ತಕಕ್ಕೆ ಇಳಿಸಿ ಅವರ ಮುಂದೆ ಹಿಡಿದಿದ್ದೆ. ಅವರೂ ಅದೇ ರೂಢಿಯಿಂದ, ಮೇಲಧಿಕಾರಿಗೆ ಫೋನಿನಲ್ಲಿ “ನಮ್ಮ ಕಡೆ ಎಲ್ಲಾ ಸರಿಯಾಗಿದೆ ಸಾರ್” ಎನ್ನುತ್ತಲೇ ಸಹಿ ಗೀಚಿದ್ದರು!

ಆ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡೆ. ದಿನಾ ಆಫೀಸಿಗೆ ತಂದೆ, ದಿನಾ ಮನೆಗೆ ವಾಪಸು ಒಯ್ದೆ. ಮನೆಯಲ್ಲಿ ಅನ್ನ ಕಲಸುತ್ತ ಪದ್ಮರಾಜಯ್ಯನನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದೆ; ಆಫೀಸಿನಲ್ಲಿ ಬಾಯಿಗೆ ಬೀಗ. ಹನ್ನೆರಡನೆಯ ದಿನ, ವಿಚಾರಣೆಯಲ್ಲಿ, ಆ ಮನುಷ್ಯ “ಇಂಥ ಬೇಜವಾಬ್ದಾರಿ ಹೆಂಗಸರಿಂದ್ಲೇ ಆಸ್ಪತ್ರೆ ಹೆಸರು ಕೆಡೋದು” ಎಂದಾಗ ತಡೆಯಲಾಗಲಿಲ್ಲ. ಪುಸ್ತಕವನ್ನು ಮೇಜಿನ ಮೇಲೆ ಕುಕ್ಕಿದೆ.

“ಇದು ಯಾರ ಸಹಿ ಸಾರ್? ಗಂಟೆ ಎಷ್ಟು ಅಂತ ಬರೆದಿದೆ? ಓದಿ, ಗಟ್ಟಿಯಾಗಿ ಓದಿ!”

ಅವರಿಗೆ ಆದದ್ದು ವರ್ಗಾವಣೆ, ಅಷ್ಟೇ. ಇನ್ನೂ ದೊಡ್ಡ ಆಸ್ಪತ್ರೆಗೆ. ಥೂ!

ದಾಕ್ಷಾಯಿಣಿಯಮ್ಮ ಕೆಲಸಕ್ಕೆ ಮರಳಿದ ದಿನ ನಮ್ಮ ಕೋಣೆಗೆ ಬಂದರು. ಒಳ್ಳೆಯ ಮಾತು ಆಡುತ್ತಾರೆಂದು ಎದ್ದು ನಿಂತೆ.

“ಆ ಪುಸ್ತಕ ಹನ್ನೊಂದು ದಿನಾನೂ ನಿನ್ನ ಹತ್ರಾನೇ ಇತ್ತೇನಪ್ಪ?”

“ಇತ್ತಮ್ಮ.”

“ನಮ್ಮ ಬೀಗರೂ ನಾನು ನಿದ್ದೆ ಮಾಡ್ದೆ ಅಂತಾನೇ ನಂಬಿದ್ರು,” ಎಂದು ಹೇಳಿ, ನನ್ನ ಉತ್ತರಕ್ಕೆ ಕಾಯದೆ ಹೊರಟುಹೋದರು.

ಬಾಗಿಲಿನ ಚೀಟಿಯನ್ನು ಸಿಟ್ಟಿನಿಂದ ಎಳೆದೆ. ಪದ್ಮರಾಜಯ್ಯನವರ ಸಹಿಯಿದ್ದ ತುಂಡು ಮಾತ್ರ ಕೈಗೆ ಬಂತು. ಉಳಿದದ್ದು ಉಗುರಿಗೆ ಬಗ್ಗಲಿಲ್ಲ. ‘ಯಾರೂ ಮುಟ್ಟಕೂಡದು’ ಎಂಬ ಕೆಂಪು ಅಕ್ಷರಗಳು, ಕೆಳಗೆ ಯಾರ ಸಹಿಯೂ ಇಲ್ಲದೆ, ಗಾಜಿಗೆ ಕಚ್ಚಿಕೊಂಡೇ ಇದ್ದವು.